ಪ್ರೊಸೆಸರ್ ಯಾರಿಗಾಗಿ ಕಾಯುತ್ತಿದೆ?

ಆಷಾಢದಲ್ಲಿ ನಮ್ಮ ಕಡೆ ಮದುವೆ ನಡೆಯುವುದಿಲ್ಲ. ಆದರೆ ಮದುವೆ ವಿಡಿಯೋ ಮಾಡುವವರಿಗೆ ಮೈಮುರಿಯುವಷ್ಟು ಕೆಲಸ ಬೀಳುವುದು ಅದೇ ತಿಂಗಳಲ್ಲಿ. ವೈಶಾಖ, ಜ್ಯೇಷ್ಠದಲ್ಲಿ ಛತ್ರದಿಂದ ಛತ್ರಕ್ಕೆ ಓಡಾಡಿ ತೆಗೆದದ್ದೆಲ್ಲ ಹಾರ್ಡ್ ಡಿಸ್ಕಿನಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ಕತ್ತರಿಸಿ, ಹಾಡು ಕೂರಿಸಿ, ಬಣ್ಣ ತಿದ್ದಿ, ಪೆನ್‌ಡ್ರೈವಿಗೆ ಇಳಿಸಿ ಕೊಡುವುದಕ್ಕೆ ಸಿಗುವ ಬಿಡುವು ಆಷಾಢ ಒಂದೇ. ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯ ಹಂಪಾಪುರದಲ್ಲಿ ಸ್ಟುಡಿಯೋ ಇಟ್ಟಿರುವ ಹುಡುಗನೊಬ್ಬ ಕಳೆದ ಆಷಾಢದ ಒಂದು ರಾತ್ರಿ ನನಗೆ ಫೋನ್ ಮಾಡಿದ.

"ಅಣ್ಣಾ, ರೆಂಡರ್‌ಗೆ ಹಾಕಿ ಏಳು ಗಂಟೆ ಆಯ್ತು. ಇನ್ನೂ ಅರವತ್ಮೂರು ಪರ್ಸೆಂಟಲ್ಲೇ ಅದೆ. ಸಿಪಿಯು ನೋಡುದ್ರೆ ಮೂವತ್ತರ ಮ್ಯಾಕೆ ಏಳ್ತಾನೇ ಇಲ್ಲ. ಮಿಶೀನು ಹೋಗ್ಬುಡ್ತೇನೋ ಕನಣ್ಣ."

ಅವನ ಗಾಬರಿಗೆ ಕಾರಣವಿತ್ತು. ಹಿಂದಿನ ದಿನವೂ ಹೀಗೇ ಹಾಕಿದ್ದು ಮುಕ್ಕಾಲು ಮುಗಿದಿದ್ದಾಗ ಕರೆಂಟು ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಮತ್ತೆ ಮೊದಲಿನಿಂದ ಶುರು ಮಾಡಿದ್ದ. ಮದುವೆಯಾದ ಹುಡುಗಿ ಆಷಾಢಕ್ಕೆಂದು ತವರಿಗೆ ಬಂದಿದ್ದಳು. ಭೀಮನ ಅಮಾವಾಸ್ಯೆ ಕಳೆಯುತ್ತಿದ್ದಂತೆ ಬೆಂಗಳೂರಿಗೆ ಹೊರಡುವವಳು. ಅವಳ ಅಪ್ಪ ದಿನಕ್ಕೆರಡು ಸಲ ಸ್ಟುಡಿಯೋ ಬಾಗಿಲಿಗೆ ಬಂದು, "ಮಗ ಹೊರಟೋಗೋದ್ರೊಳ್ಗೆ ಒಂದ್ಸಲ ಎಲ್ರೂ ಕೂತ್ಕಂಡು ನೋಡ್ಬೇಕು ಕನಪ್ಪ" ಎಂದು ಹೇಳಿಹೋಗುತ್ತಿದ್ದರು. ಅಷ್ಟೇ ಆಗಿದ್ದರೆ ನಾನು ಫೋನಿನಲ್ಲೇ ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಹುಡುಗ ಆಗಲೇ ಅಂಗಡಿಯೊಂದರಲ್ಲಿ ಹೊಸ ಕಂಪ್ಯೂಟರಿಗೆ ಬೆಲೆ ಕೇಳಿ ಬಂದಿದ್ದ. ಒಂದೂವರೆ ಲಕ್ಷ. ಹೆಂಡತಿಯ ಸರ ಅಡವಿಡುವ ಯೋಚನೆಯಲ್ಲಿದ್ದ. "ನಾನು ಬರುವವರೆಗೆ ಏನೂ ಮಾಡಬೇಡ" ಎಂದು ಹೇಳಿ, ಬೆಳಗ್ಗೆಯ ಬಸ್ಸು ಹತ್ತಿದೆ.

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ವರ್ಷಕ್ಕೆ ಹತ್ತಾರಾದರೂ ಇದೇ ಇರುತ್ತವೆ. ಹುಣಸೂರಿನ ಹನುಮ ಜಯಂತಿಯ ಮೆರವಣಿಗೆಯನ್ನೋ ಚುಂಚನಕಟ್ಟೆಯ ದನಗಳ ಜಾತ್ರೆಯನ್ನೋ ತೆಗೆದು ಯೂಟ್ಯೂಬಿಗೆ ಹಾಕುವವರು ಕೇಳುತ್ತಾರೆ, ಪಾಠದ ವಿಡಿಯೋ ಮಾಡುವ ಮೇಷ್ಟ್ರುಗಳು ಕೇಳುತ್ತಾರೆ. ಪ್ರೊಸೆಸರ್ ಮೂವತ್ತಕ್ಕೇ ನಿಂತಿದೆ, ಮಿಕ್ಕ ಎಪ್ಪತ್ತು ಏಕೆ ದುಡಿಯುತ್ತಿಲ್ಲ ಎಂಬುದು ಕೆಲವರ ಪ್ರಶ್ನೆ. ಸದಾ ನೂರರಲ್ಲೇ ಇದೆ, ಸುಟ್ಟುಹೋಗುವುದಿಲ್ಲವೇ ಎಂಬುದು ಇನ್ನು ಕೆಲವರದು. ಎರಡನೆಯದಕ್ಕೆ ಉತ್ತರ ಸಣ್ಣದು. ಎಕ್ಸ್‌ಪೋರ್ಟ್ ಮಾಡುವಾಗ ನೂರು ತೋರಿಸಿದರೆ ಸಂತೋಷಪಡಿ, ನೀವು ಕೊಟ್ಟ ದುಡ್ಡಿಗೆ ಅದು ಪೂರ್ತಿ ದುಡಿಯುತ್ತಿದೆ. ಮೂವತ್ತರ ಪ್ರಶ್ನೆಗೆ ಮಾತ್ರ ಸ್ವಲ್ಪ ಹೊತ್ತು ಕೂತು ಮಾತಾಡಬೇಕು.

ಎಕ್ಸ್‌ಪೋರ್ಟ್ ಎಂದರೆ ನಮಗೆ ಒಂದೇ ಗುಂಡಿ, ಒಂದೇ ಹಸಿರು ಪಟ್ಟಿ. ಒಳಗೆ ಅದು ಐದು ಕೈ ದಾಟುವ ಕೆಲಸ. ಹುಡುಗನ ಮದುವೆ ವಿಡಿಯೋ ಎರಡು ಗಂಟೆ ನಲವತ್ತು ನಿಮಿಷದ್ದು. ಸೆಕೆಂಡಿಗೆ 25 ಚಿತ್ರದಂತೆ ಒಟ್ಟು 2,40,000 ಚಿತ್ರಗಳು. ಫೋರ್‌ಕೆ ಆದ್ದರಿಂದ ಒಂದೊಂದು ಚಿತ್ರದಲ್ಲೂ ಸುಮಾರು 83 ಲಕ್ಷ ಚುಕ್ಕಿ. ಪ್ರತಿ ಚಿತ್ರವನ್ನೂ ಮೊದಲು ಡಿಸ್ಕಿನಿಂದ ಓದಬೇಕು; ಕ್ಯಾಮೆರಾ ಅದನ್ನು ಒತ್ತಿ ಮಡಿಸಿ ಇಟ್ಟಿರುತ್ತದೆ, ಆ ಮಡಿಕೆ ಬಿಚ್ಚಬೇಕು; ಬಣ್ಣ, ಹೆಸರು, ಎಫೆಕ್ಟು ಎಲ್ಲ ಹಚ್ಚಬೇಕು; ಮತ್ತೆ ಹೊಸದಾಗಿ ಮಡಿಸಬೇಕು; ಕೊನೆಗೆ ಡಿಸ್ಕಿಗೆ ಬರೆಯಬೇಕು. ಈ ಐದರಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಇಡೀ ಸಾಲು ಅದರ ನಡಿಗೆಯಲ್ಲೇ ನಡೆಯುತ್ತದೆ. ಮಿಕ್ಕವು ಕಾಯುತ್ತವೆ. ಪ್ರೊಸೆಸರ್ ಮೂವತ್ತು ತೋರಿಸುತ್ತಿದೆ ಎಂದರೆ ಬಹುಮಟ್ಟಿಗೆ ಅದು ಯಾರಿಗೋ ಕಾಯುತ್ತಿದೆ ಎಂದೇ ಅರ್ಥ. ಯಾರಿಗೆ ಎಂದು ಕಂಡುಹಿಡಿಯದೆ ಹೊಸ ಪ್ರೊಸೆಸರ್ ತಂದರೆ ಕಾಯುವವರ ಸಂಖ್ಯೆ ಹೆಚ್ಚುತ್ತದೆ, ಅಷ್ಟೇ.

ಬಸ್ಸಿನ ಕಿಟಕಿಯಲ್ಲಿ ಅಲ್ಲಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳ ಹೊಗೆ ಕಾಣುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆಯ ಓದುಗರಿಗೆ ಇದನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಹೊಗೆಸೊಪ್ಪು ಮುರಿಯುವುದಕ್ಕೆ ಹತ್ತಾಳಿನ ಬದಲು ಇಪ್ಪತ್ತಾಳು ಬಂದರೆ ಅರ್ಧ ಹೊತ್ತಿಗೆ ಮುಗಿಯುತ್ತದೆ. ಕಡ್ಡಿಗೆ ಕಟ್ಟುವುದೂ ಹಾಗೆಯೇ. ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಿದ ಮೇಲೆ ಆಳಿನ ಲೆಕ್ಕ ನಡೆಯುವುದಿಲ್ಲ. ಸೊಪ್ಪು ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಐದಾರು ದಿನ ಹಿಡಿಯುತ್ತದೆ. ಬಾಗಿಲ ಮುಂದೆ ನೂರು ಜನ ನಿಂತರೂ ಆ ದಿನಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಜೀನ್ ಆಮ್ದಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ 1967ರಲ್ಲಿ ಈ ಮಾತನ್ನೇ ಲೆಕ್ಕವಾಗಿ ಮುಂದಿಟ್ಟರು. ಒಬ್ಬನೇ ಮಾಡಿದರೆ ನೂರು ನಿಮಿಷದ ಕೆಲಸ ಎಂದುಕೊಳ್ಳಿ. ಅದರಲ್ಲಿ ಎಂಬತ್ತು ನಿಮಿಷದ್ದು ಹಂಚಿಕೊಳ್ಳಬಹುದಾದದ್ದು, ಇಪ್ಪತ್ತು ನಿಮಿಷದ್ದು ಹಂಚಲಾಗದ್ದು. ಎಂಟು ಜನ ಸೇರಿದರೆ ಎಂಬತ್ತು ಹತ್ತಕ್ಕೆ ಇಳಿಯುತ್ತದೆ, ಇಪ್ಪತ್ತು ಹಾಗೇ ಉಳಿಯುತ್ತದೆ, ಒಟ್ಟು ಮೂವತ್ತು ನಿಮಿಷ. ಹದಿನಾರು ಜನ ಸೇರಿದರೆ? ಇಪ್ಪತ್ತೈದು ನಿಮಿಷ. ಆಳು ಎರಡರಷ್ಟಾದರೂ ಉಳಿದದ್ದು ಐದೇ ನಿಮಿಷ. ಇನ್ನೊಂದು ಸಂಗತಿ ಗಮನಿಸಿ: ಎಂಟು ಜನರಿದ್ದಾಗ ಸರಾಸರಿ ಬಳಕೆ ಶೇ 42ರಷ್ಟು, ಹದಿನಾರು ಜನರಾದಾಗ ಶೇ 25. ಹೆಚ್ಚು ಕೋರಿನ ದುಬಾರಿ ಪ್ರೊಸೆಸರ್ ತಂದ ಮೇಲೆ ಬಳಕೆಯ ಅಂಕಿ ಇನ್ನೂ ಕೆಳಗಿಳಿಯಿತೆಂದು ಎಷ್ಟೋ ಜನ ಬೇಸರಪಟ್ಟು ಬರೆಯುತ್ತಾರಲ್ಲ, ಅದಕ್ಕೆ ಕಾರಣ ಈ ಲೆಕ್ಕದಲ್ಲಿದೆ.

ಸ್ಟುಡಿಯೋ ತಲುಪಿದಾಗ ಹುಡುಗ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ. ವಿಡಿಯೋ ಬೆಳಗಿನ ಜಾವಕ್ಕೆ ಹೇಗೋ ಮುಗಿದಿತ್ತು. ಮುಗಿಯಿತಲ್ಲ ಎನ್ನುವಷ್ಟರಲ್ಲಿ ಧಾರೆಯ ಹೊತ್ತಿನ ಒಂದು ಕಡೆ ಹುಡುಗಿಯ ಸೋದರಮಾವನ ಹೆಸರು ತಪ್ಪಾಗಿ ಬಿದ್ದಿರುವುದು ಕಣ್ಣಿಗೆ ಬಿದ್ದಿತ್ತು. ಅದೊಂದು ಹೆಸರಿಗಾಗಿ ಇನ್ನೂ ಹನ್ನೊಂದು ಗಂಟೆ. ಅವನ ಮುಖ ನೋಡಲಾಗಲಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದೆವು. ಅವನ ಪ್ರೊಸೆಸರ್ ಐ5-12400ಎಫ್. ಆರು ಕೋರು, ಹನ್ನೆರಡು ಥ್ರೆಡ್ಡು. ಇಲ್ಲೇ ಅನೇಕರು ಎಡವುತ್ತಾರೆ. ಹನ್ನೆರಡರಲ್ಲಿ ಒಂದು ಥ್ರೆಡ್ಡು ಉಸಿರುಗಟ್ಟಿ ಪೂರ್ತಿ ದುಡಿಯುತ್ತಿದ್ದರೂ ಪರದೆಯ ಮೇಲೆ ಕಾಣುವುದು ಶೇ 8 ಮಾತ್ರ. ಆ ಎಂಟನ್ನು ನೋಡಿ ಯಂತ್ರ ಮಲಗಿದೆ ಎಂದು ತಿಳಿಯುತ್ತೇವೆ. ಗ್ರಾಫಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿಕೊಂಡರೆ ಹನ್ನೆರಡು ಪುಟ್ಟ ಚೌಕ ಕಾಣುತ್ತವೆ. ಯಾವುದಾದರೂ ಒಂದೆರಡು ಮಾತ್ರ ನೆತ್ತಿ ಮುಟ್ಟಿವೆಯೇ ನೋಡಬಹುದು. ಆದರೆ ವಿಂಡೋಸ್ ಒಂದೇ ಕೆಲಸವನ್ನು ಆಗಾಗ ಒಂದು ಕೋರಿನಿಂದ ಮತ್ತೊಂದಕ್ಕೆ ದಾಟಿಸುತ್ತಿರುತ್ತದೆ. ಹಾಗಾಗಿ ಚೌಕಗಳಲ್ಲಿ ಎಲ್ಲವೂ ಅಲ್ಲಷ್ಟು ಇಲ್ಲಷ್ಟು ಹರಡಿದಂತೆ ಕಂಡು ದಾರಿ ತಪ್ಪಿಸುವುದೂ ಉಂಟು. ನಾನು ಗ್ರಾಫಿಗಿಂತ ಹೆಚ್ಚು ನಂಬುವುದು ಗಡಿಯಾರವನ್ನು.

ಇಡೀ ಸಿನಿಮಾ ಹಾಕಿ ಪರೀಕ್ಷೆ ಮಾಡಬಾರದು. ಒಂದೇ ಒಂದು ನಿಮಿಷ ಸಾಕು. ಧಾರೆಯ ಭಾಗದಿಂದ ಒಂದು ನಿಮಿಷ ಗುರುತು ಹಾಕಿಕೊಂಡು, ಫೋನಿನ ಸ್ಟಾಪ್‌ವಾಚ್ ಹಿಡಿದು, ಪ್ರತಿ ಸಲವೂ ಒಂದನ್ನು ಮಾತ್ರ ಬದಲಿಸಿ ಎಕ್ಸ್‌ಪೋರ್ಟ್ ಮಾಡುವುದು. ಹುಡುಗ ಒಂದು ಫೋಟೊ ಕವರು ತೆಗೆದು ಅದರ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾ ಹೋದ. ಮೊದಲ ಸಲ ಏನೂ ಬದಲಿಸದೆ ಹಾಕಿದೆವು: 4 ನಿಮಿಷ 10 ಸೆಕೆಂಡು. ನೂರ ಅರವತ್ತು ನಿಮಿಷದ ವಿಡಿಯೋಗೆ ಗುಣಿಸಿದರೆ ಹನ್ನೊಂದು ಗಂಟೆ ಏಳು ನಿಮಿಷ. ರಾತ್ರಿ ಹಿಡಿದದ್ದೂ ಅಷ್ಟೇ. ಒಂದು ನಿಮಿಷದ ತುಣುಕು ಸುಳ್ಳು ಹೇಳುತ್ತಿಲ್ಲ ಎಂದು ಧೈರ್ಯ ಬಂತು.

ಡಿಸ್ಕಿನದೇ ತಪ್ಪು ಎಂದು ಹುಡುಗನಿಗೆ ಅನುಮಾನವಿತ್ತು. ಕ್ಯಾಮೆರಾದ ಫೈಲುಗಳೆಲ್ಲ ಹೊರಗೆ ಸಿಕ್ಕಿಸಿದ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಆ ಒಂದು ನಿಮಿಷಕ್ಕೆ ಬೇಕಾದವನ್ನು ಒಳಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ ಹಾಕಿದೆವು: 4 ನಿಮಿಷ 5 ಸೆಕೆಂಡು. ಐದು ಸೆಕೆಂಡಿನ ವ್ಯತ್ಯಾಸ. ಲೆಕ್ಕ ಹಾಕಿದರೆ ಇದು ಮೊದಲೇ ಗೊತ್ತಾಗುವಂಥದ್ದು. ಸೆಕೆಂಡಿಗೆ 100 ಮೆಗಾಬಿಟ್ಟಿನಲ್ಲಿ ತೆಗೆದ ಫೋರ್‌ಕೆ ವಿಡಿಯೋ ಎಂದರೆ 12.5 ಮೆಗಾಬೈಟು, ಗಂಟೆಗೆ 45 ಜಿಬಿ. ಕೇಳುವುದಕ್ಕೆ ದೊಡ್ಡದು. ಆದರೆ ಒಂದು ನಿಮಿಷದ ವಿಡಿಯೋ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದಾಗ ಡಿಸ್ಕಿನಿಂದ ಸೆಕೆಂಡಿಗೆ ಬೇಕಾಗಿದ್ದದ್ದು ಮೂರು ಮೆಗಾಬೈಟು. ಸಾಧಾರಣ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ ನೂರು ಮೆಗಾಬೈಟು ಸಲೀಸಾಗಿ ಕೊಡುತ್ತದೆ. ಡಿಸ್ಕ್ ನಿಜಕ್ಕೂ ಕಾಟ ಕೊಡುವುದು ಬೇರೆ ಸಂದರ್ಭದಲ್ಲಿ: ಮೂರ್ನಾಲ್ಕು ಕ್ಯಾಮೆರಾದ ಫೈಲುಗಳನ್ನು ಒಂದೇ ಹಳೆಯ ಡಿಸ್ಕಿನಿಂದ ಓದುತ್ತಾ ಅದೇ ಡಿಸ್ಕಿಗೆ ಬರೆಯುವಾಗ, ಇಲ್ಲವೇ ನೇರವಾಗಿ ಪೆನ್‌ಡ್ರೈವಿಗೇ ಎಕ್ಸ್‌ಪೋರ್ಟ್ ಮಾಡುವಾಗ. ಪೆನ್‌ಡ್ರೈವಿಗೆ ನೇರ ಇಳಿಸುವುದನ್ನು ದಯವಿಟ್ಟು ಬಿಡಿ. ಮೊದಲು ಕಂಪ್ಯೂಟರಿನೊಳಗೆ ಮಾಡಿಕೊಂಡು ಆಮೇಲೆ ಕಾಪಿ ಮಾಡಿ. ಫ್ಯಾಟ್32 ಎಂದು ಫಾರ್ಮ್ಯಾಟ್ ಆದ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದೇ ಇಲ್ಲ. ಗಂಟೆಗಟ್ಟಲೆ ಓಡಿ ಕೊನೆಗೆ ಎರರ್ ಬರುವುದಕ್ಕೆ ಅದೂ ಒಂದು ಕಾರಣ.

ಮೂರನೆಯ ಸಲ ಎಫೆಕ್ಟುಗಳನ್ನು ಒಂದೊಂದಾಗಿ ಆಫ್ ಮಾಡಿದೆವು. ಬಣ್ಣದ ತಿದ್ದುಪಡಿ ತೆಗೆದಾಗ ಐದೇ ಸೆಕೆಂಡು ಇಳಿಯಿತು, ಮತ್ತೆ ಹಾಕಿದೆವು. ಕತ್ತಲೆಯ ದೃಶ್ಯದಲ್ಲಿ ಕಾಣುವ ಕಾಳು ಕಾಳನ್ನು ಒರೆಸುವ ನಾಯ್ಸ್ ರಿಡಕ್ಷನ್ ಪ್ಲಗಿನ್ ಒಂದಿತ್ತು. ಅದನ್ನು ತೆಗೆದು ಹಾಕಿದಾಗ ಒಂದು ನಿಮಿಷ ಮೂವತ್ತೈದು ಸೆಕೆಂಡಿಗೇ ಹಸಿರು ಪಟ್ಟಿ ತುಂಬಿತು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ.

ಈ ಪ್ಲಗಿನ್ನುಗಳ ಕೆಲಸ ಬಲು ಭಾರದ್ದು. ಒಂದು ಚಿತ್ರ ಒರೆಸಬೇಕಾದರೆ ಅದರ ಹಿಂದಿನ ಕೆಲವು, ಮುಂದಿನ ಕೆಲವು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ನಿಜವಾದ ಚುಕ್ಕಿ ಯಾವುದು ಕಾಳು ಎಂದು ಹುಡುಕಬೇಕು. ಮೇಲಾಗಿ ಇವನ ಪ್ಲಗಿನ್ ಹನ್ನೆರಡು ಥ್ರೆಡ್ಡಿನಲ್ಲಿ ಮೂರು ನಾಲ್ಕನ್ನಷ್ಟೇ ಬಳಸುತ್ತಿತ್ತು. ಮೂವತ್ತು ಪರ್ಸೆಂಟಿನ ಗುಟ್ಟು ಅಲ್ಲಿತ್ತು. ಬ್ಯಾರನ್ ಒಳಗೆ ಸೊಪ್ಪು ಬೇಯುತ್ತಿತ್ತು, ಮಿಕ್ಕ ಆಳುಗಳು ಹೊರಗೆ ಕೂತಿದ್ದವು.

"ಇದನ್ನು ಎಲ್ಲಿಂದ ಎಲ್ಲಿಗೆ ಹಾಕಿದ್ದೀಯ?" ಎಂದೆ. ಇಡೀ ಟೈಮ್‌ಲೈನಿನ ತಲೆಯ ಮೇಲೆ ಒಂದೇ ಪದರವಾಗಿ ಎಳೆದಿದ್ದ. "ಎಲ್ಲಾ ಕಡೆ ಚೆನ್ನಾಗ್ ಕಾಣ್ಲಿ ಅಂತ ಹಾಕ್ದೆ ಕನಣ್ಣ." ಹಗಲು ಬೆಳಕಿನಲ್ಲಿ ತೆಗೆದ ಮೆರವಣಿಗೆಗೂ ಅದೇ, ದೊಡ್ಡ ದೀಪಗಳ ಕೆಳಗಿನ ಮಂಟಪಕ್ಕೂ ಅದೇ. ಕೂತು ನೋಡಿದಾಗ ನಿಜವಾಗಿ ಬೇಕಾಗಿದ್ದದ್ದು ಹಿಂದಿನ ರಾತ್ರಿ ಚಪ್ಪರದ ಕೆಳಗೆ ತೆಗೆದದ್ದು, ಮನೆದೇವರ ಗುಡಿಯೊಳಗಿನದು, ಇಷ್ಟೇ. ಸೇರಿಸಿದರೆ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷವನ್ನೂ ಬೇರೆಯಾಗಿ ಮೊದಲೇ ರೆಂಡರ್ ಮಾಡಿ ಒಳ್ಳೆಯ ಗುಣಮಟ್ಟದ ಫೈಲಾಗಿ ಟೈಮ್‌ಲೈನಿನಲ್ಲಿ ಕೂರಿಸಿಕೊಂಡರೆ, ಆಮೇಲೆ ಸೋದರಮಾವನ ಹೆಸರು ತಿದ್ದಬೇಕಾಗಿ ಬಂದರೂ ಆ ಭಾರದ ಕೆಲಸ ಮತ್ತೆ ಮಾಡಬೇಕಾಗಿಲ್ಲ.

ಇನ್ನೂ ಎರಡು ಗಂಟು ಬಿಚ್ಚುವುದಿತ್ತು. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮಡಿಸುವ ಕೆಲಸವನ್ನು ಯಾರು ಮಾಡಬೇಕೆಂಬ ಆಯ್ಕೆ ಇರುತ್ತದೆ: ಸಾಫ್ಟ್‌ವೇರ್ ಎನ್‌ಕೋಡಿಂಗ್, ಹಾರ್ಡ್‌ವೇರ್ ಎನ್‌ಕೋಡಿಂಗ್. ಸಾಫ್ಟ್‌ವೇರ್ ಎಂದರೆ ಪ್ರೊಸೆಸರೇ ಕೂತು ಮಾಡುವುದು. ಹಾರ್ಡ್‌ವೇರ್ ಎಂದರೆ ಅದಕ್ಕೆಂದೇ ಚಿಪ್ಪಿನ ಮೂಲೆಯಲ್ಲಿ ಕೆತ್ತಿಟ್ಟ ಪುಟ್ಟ ಯಂತ್ರಕ್ಕೆ ಒಪ್ಪಿಸುವುದು. ಇಂಟೆಲ್ ಈ ಯಂತ್ರವನ್ನು ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ 2011ರ ಪ್ರೊಸೆಸರುಗಳೊಳಗೆ ಇಟ್ಟಿತು, ಎನ್‌ವಿಡಿಯಾ 2012ರಿಂದ ತನ್ನ ಕಾರ್ಡುಗಳಲ್ಲಿ ಎನ್‌ವೆಂಕ್ ಎಂದು ಕೊಟ್ಟಿತು. ಇದನ್ನು ಬಳಸಿದಾಗ ಪ್ರೊಸೆಸರಿನ ಅಂಕಿ ಕೆಳಗಿಳಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಬಳಕೆ ಕಡಿಮೆಯಾದದ್ದು ಒಳ್ಳೆಯ ಸುದ್ದಿಯೂ ಆಗಿರಬಹುದೆಂದು ಹೇಳುವುದು ಇದಕ್ಕೇ. ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ವಿಡಿಯೋ ಎನ್‌ಕೋಡ್ ಎಂಬ ಗ್ರಾಫ್ ಎದ್ದಿದ್ದರೆ ಆ ಪುಟ್ಟ ಯಂತ್ರ ಓಡುತ್ತಿದೆ ಎಂದು ತಿಳಿಯಿರಿ. ಅದೇ ಅಳತೆಯ ಫೈಲಿನಲ್ಲಿ ಸಾಫ್ಟ್‌ವೇರ್ ದಾರಿ ಚಿತ್ರವನ್ನು ಕೊಂಚ ಹೆಚ್ಚು ಅಚ್ಚುಕಟ್ಟಾಗಿ ಮಡಿಸುತ್ತದೆ ಎಂಬುದು ನಿಜ. ಸೆಕೆಂಡಿಗೆ ಮೂವತ್ತು ನಲವತ್ತು ಮೆಗಾಬಿಟ್ಟು ಕೊಡುವ ಮದುವೆ ವಿಡಿಯೋದಲ್ಲಿ ಮನೆಯವರ ಕಣ್ಣಿಗೆ ಆ ವ್ಯತ್ಯಾಸ ಕಾಣುವುದಿಲ್ಲ ಎಂದು ನನ್ನ ಅನುಭವ. ಹುಡುಗನ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಆಯ್ಕೆ ಸಾಫ್ಟ್‌ವೇರ್ ಎಂದೇ ಇತ್ತು. ಬದಲಿಸಿದಾಗ ಒಂದು ನಿಮಿಷ ಇಪ್ಪತ್ತು ಸೆಕೆಂಡಾಯಿತು.

ಹದಿನೈದೇ ಸೆಕೆಂಡು ಇಳಿದದ್ದು ನನಗೆ ಸಮಾಧಾನವಾಗಲಿಲ್ಲ. ಮಡಿಸುವವನು ಬೇಗ ಮಡಿಸುತ್ತಿದ್ದರೂ ಬಿಚ್ಚಿಕೊಡುವವನು ತಡಮಾಡುತ್ತಿರಬೇಕು. ವಿಡಿಯೋ ಡೀಕೋಡ್ ಗ್ರಾಫ್ ನೋಡಿದೆ. ಸೊನ್ನೆ. ಮುಖ್ಯ ಕ್ಯಾಮೆರಾದ ಒಂದು ಫೈಲಿನ ವಿವರ ತೆರೆದೆ: 10 ಬಿಟ್, 4:2:2.

ಸಾಮಾನ್ಯವಾಗಿ ನಮ್ಮ ಫೋನು, ಕ್ಯಾಮೆರಾ ಉಳಿಸುವುದು 4:2:0. ಬೆಳಕನ್ನು ಪ್ರತಿ ಚುಕ್ಕಿಗೂ ಬರೆದಿಟ್ಟು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗೆ ಒಂದರಂತೆ ಬರೆಯುವ ಮಿತವ್ಯಯ ಅದು. 4:2:2ರಲ್ಲಿ ಬಣ್ಣದ ಮಾಹಿತಿ ಅದಕ್ಕೆ ಎರಡರಷ್ಟು. ರೇಷ್ಮೆ ಸೀರೆಯ ಅಂಚು, ಹೂವಿನ ದಂಡೆ ತಿದ್ದುವಾಗ ಅದು ಒಳ್ಳೆಯದೇ. ತೊಂದರೆ ಏನೆಂದರೆ, ಬಹಳಷ್ಟು ಗ್ರಾಫಿಕ್ಸ್ ಕಾರ್ಡುಗಳಿಗೆ 4:2:2 ಬಿಚ್ಚಲು ಬರುವುದಿಲ್ಲ. ಎನ್‌ವಿಡಿಯಾ ಕಾರ್ಡುಗಳಲ್ಲಿ ಆ ಸಾಮರ್ಥ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್ಲಿನ ಕ್ವಿಕ್ ಸಿಂಕ್‌ಗೆ ಎಚ್.265 ಎಂಬ ಮಡಿಕೆಯ 4:2:2 ಬಿಚ್ಚುವುದು ಹನ್ನೊಂದನೆಯ ತಲೆಮಾರಿನಿಂದಲೇ ಬರುತ್ತದೆ. ಹುಡುಗನ ಪ್ರೊಸೆಸರ್ ಹನ್ನೆರಡನೆಯ ತಲೆಮಾರಿನದು. ಹಾಗಾದರೆ ಏಕೆ ಬಿಚ್ಚುತ್ತಿಲ್ಲ? ಉತ್ತರ ಹೆಸರಿನ ಕೊನೆಯ ಅಕ್ಷರದಲ್ಲಿತ್ತು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಭಾಗ ಇಲ್ಲವೆಂದು ಅರ್ಥ. ಗ್ರಾಫಿಕ್ಸ್ ಇಲ್ಲದ ಮೇಲೆ ಕ್ವಿಕ್ ಸಿಂಕ್ ಕೂಡ ಇಲ್ಲ. ಆಟ ಆಡುವವನಿಗೆ ಎಫ್ ಇದ್ದರೆ ನಷ್ಟವಿಲ್ಲ, ಸ್ವಲ್ಪ ಹಣ ಉಳಿಯುತ್ತದೆ. ವಿಡಿಯೋ ಎಡಿಟ್ ಮಾಡುವವನಿಗೆ ಆ ಒಂದು ಅಕ್ಷರ ವರ್ಷಗಟ್ಟಲೆ ಕಾಡುತ್ತದೆ. ಕಂಪ್ಯೂಟರ್ ಜೋಡಿಸಿಕೊಟ್ಟವರು ಅವನಿಗೆ ಇದನ್ನು ಹೇಳಿರಲಿಲ್ಲ. ನೀವು ಮುಂದೆ ಯಂತ್ರ ಕೊಳ್ಳುವುದಾದರೆ ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು ಬರೆಸಿಕೊಂಡು ಕೊನೆಯ ಅಕ್ಷರ ಓದಿ. ಎಫ್ ಇಲ್ಲದ ಪ್ರೊಸೆಸರ್ ಇದ್ದೂ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡಿದ್ದರೆ ಒಳಗಿನ ಗ್ರಾಫಿಕ್ಸ್ ತಾನೇ ಆಫ್ ಆಗಿ ಕೂತಿರುವುದುಂಟು. ಬಯೋಸ್‌ನಲ್ಲಿ ಅದನ್ನು ಆನ್ ಮಾಡಿಸಿಕೊಳ್ಳಿ. ಕಾಸು ಖರ್ಚಿಲ್ಲದೆ ಸಿಗುವ ವೇಗ ಅದು.

ಕ್ಯಾಸೆಟ್ ಕಾಲದಲ್ಲಿ ಕೆಲಸ ಕಲಿತವರು ಕೇಳುತ್ತಾರೆ, ಆಗಿನ ಬಡಕಲು ಕಂಪ್ಯೂಟರಿನಲ್ಲಿ ಇಷ್ಟು ಕಷ್ಟವಿರಲಿಲ್ಲವಲ್ಲ ಎಂದು. ಅವರ ನೆನಪು ಸರಿಯೇ. ಡಿವಿ ಕ್ಯಾಸೆಟ್ಟಿನಲ್ಲಿ ಪ್ರತಿ ಚಿತ್ರವೂ ತನ್ನಷ್ಟಕ್ಕೆ ತಾನು ಪೂರ್ತಿ ಇರುತ್ತಿತ್ತು. ಈಗಿನ ಎಚ್.264, ಎಚ್.265 ಹಾಗಲ್ಲ. ಒಂದು ಪೂರ್ತಿ ಚಿತ್ರ ಇಟ್ಟು, ಅದರ ಮುಂದಿನ ಹತ್ತಾರು ಚಿತ್ರಗಳಿಗೆ ಏನು ಬದಲಾಯಿತೆಂಬುದನ್ನು ಮಾತ್ರ ಬರೆಯುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಸುವುದಕ್ಕೆ ಇದು ಅದ್ಭುತ ಉಪಾಯ. ಆದರೆ ನಡುವಿನ ಒಂದು ಚಿತ್ರ ಬೇಕೆಂದರೆ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಒಂದೊಂದಾಗಿ ಕಟ್ಟಿಕೊಂಡು ಬರಬೇಕು. ಆ ಸರಪಳಿ ಹಿಡಿದು ನಡೆಯಬೇಕಾದ್ದರಿಂದ ಎಲ್ಲ ಕೋರುಗಳಿಗೂ ಸಮನಾಗಿ ಹಂಚುವುದು ಸುಲಭವಲ್ಲ. ಅದಕ್ಕೇ ಎಡಿಟಿಂಗ್ ಶುರು ಮಾಡುವ ಮೊದಲೇ ಕ್ಯಾಮೆರಾ ಫೈಲುಗಳನ್ನು ಪ್ರತಿ ಚಿತ್ರವೂ ಪೂರ್ತಿ ಇರುವ ರೂಪಕ್ಕೆ ಪರಿವರ್ತಿಸಿಕೊಳ್ಳುವ ಪದ್ಧತಿ ಇದೆ. ಎಡಿಯಸ್ ಬಳಸುವವರಿಗೆ ಅದರದೇ ಎಚ್‌ಕ್ಯುಎಕ್ಸ್ ಇದೆ, ಮಿಕ್ಕವರಿಗೆ ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್. ಫೈಲುಗಳು ದಪ್ಪವಾಗುತ್ತವೆ, ಡಿಸ್ಕು ತುಂಬುತ್ತದೆ, ಪರಿವರ್ತನೆಗೆ ಒಂದು ರಾತ್ರಿ ಬೇಕಾಗಬಹುದು. ಆ ರಾತ್ರಿ ನೀವು ಮಲಗಬಹುದು ಎಂಬುದೇ ನನಗೆ ಅದರಲ್ಲಿ ಹಿಡಿಸಿದ ಸಂಗತಿ. ಕರೆಂಟು ಹೋದರೂ ಮುಗಿದಿರುವ ಫೈಲುಗಳು ಉಳಿದಿರುತ್ತವೆ.

ಆ ಒಂದು ನಿಮಿಷದ ತುಣುಕುಗಳನ್ನು ಪರಿವರ್ತಿಸಿ ಹಾಕಿದಾಗ ಸ್ಟಾಪ್‌ವಾಚ್ ನಲವತ್ತು ಸೆಕೆಂಡಿಗೆ ನಿಂತಿತು. ಫೋಟೊ ಕವರಿನ ಹಿಂಬದಿಯಲ್ಲಿ ಮೇಲಿಂದ ಕೆಳಕ್ಕೆ 4:10, 4:05, 1:35, 1:20, 0:40. ಯಂತ್ರ ಹಳೆಯದೇ. ಹೊರಗಿನಿಂದ ಒಂದು ತಂತಿಯನ್ನೂ ತಂದಿರಲಿಲ್ಲ. ಕಾಳು ಒರೆಸುವ ಇಪ್ಪತ್ತೈದು ನಿಮಿಷದ ಭಾಗವನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಡೀ ವಿಡಿಯೋಗೆ ಮೂರು ಗಂಟೆಯೊಳಗೆ. ಅದನ್ನೂ ಒಂದೇ ಉಸಿರಿಗೆ ಹಾಕಬೇಡ ಎಂದೆ. ಹಿಂದಿನ ರಾತ್ರಿ, ಧಾರೆ, ಆರತಕ್ಷತೆ, ಬೀಗರೂಟ ಎಂದು ನಾಲ್ಕು ತುಂಡು ಮಾಡಿ ಒಂದೇ ಅಳತೆಯಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಆಮೇಲೆ ಮತ್ತೆ ಮಡಿಸದೆ ಜೋಡಿಸಬಹುದು. ಕರೆಂಟು ಹೋದರೆ ಹೋಗುವುದು ಒಂದು ತುಂಡು ಮಾತ್ರ. ಹಳ್ಳಿಯ ಸ್ಟುಡಿಯೋಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಮಾಡುವ ಉಪಾಯ ಬೇರೆ ಗೊತ್ತಿಲ್ಲ ನನಗೆ.

ಎಲ್ಲರ ಯಂತ್ರದಲ್ಲೂ ತಪ್ಪಿತಸ್ಥ ಒಬ್ಬನೇ ಆಗಿರುವುದಿಲ್ಲ. ಪಿರಿಯಾಪಟ್ಟಣದ ಕಡೆಯ ಮೇಷ್ಟ್ರೊಬ್ಬರು ಕೆಡೆನ್‌ಲೈವ್‌ನಲ್ಲಿ ವಿಜ್ಞಾನದ ಪಾಠ ಮಾಡುತ್ತಾರೆ. ಉಚಿತ ತಂತ್ರಾಂಶ, ಒಳ್ಳೆಯದು. ಅದರ ಬಹುಪಾಲು ಎಫೆಕ್ಟುಗಳು ಪ್ರೊಸೆಸರಿನ ಮೇಲೇ ನಡೆಯುತ್ತವೆ. ಅವರ ದೂರು ಬೇರೆ ತರಹದ್ದು: ಮೊದಲ ಐದು ನಿಮಿಷ ಚುರುಕಾಗಿ ಓಡಿ ಆಮೇಲೆ ಲ್ಯಾಪ್‌ಟಾಪ್ ಕಾಲೆಳೆಯುತ್ತದೆ. ಹೀಗೆ ಶುರುವಿನಲ್ಲಿ ಚೆನ್ನಾಗಿದ್ದು ಆಮೇಲೆ ನಿಧಾನವಾದರೆ ಶಾಖವನ್ನು ಅನುಮಾನಿಸಿ. ಪ್ರೊಸೆಸರ್ ನೂರು ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಬಳಕೆ ಶೇ 100 ಎಂದೇ ಇರುತ್ತದೆ, ಪಕ್ಕದ ಸ್ಪೀಡ್ ಅಂಕಿ ಮಾತ್ರ ಮೂರೂವರೆ ಗಿಗಾಹರ್ಟ್ಸಿನಿಂದ ಎರಡಕ್ಕೆ ಬಿದ್ದಿರುತ್ತದೆ. ಆ ಅಂಕಿಯನ್ನು ಯಾರೂ ನೋಡುವುದಿಲ್ಲ. ಮೇಷ್ಟ್ರು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಎಕ್ಸ್‌ಪೋರ್ಟಿಗೆ ಹಾಕುತ್ತಿದ್ದರು; ಕೆಳಗಿನ ಗಾಳಿಕಿಂಡಿ ಹೊದಿಕೆಯಲ್ಲಿ ಮುಚ್ಚಿಹೋಗುತ್ತಿತ್ತು. ಫ್ಯಾನಿನ ಧೂಳು ತೆಗೆಸಿ, ಹಲಗೆಯ ಮೇಲಿಟ್ಟು, ಚಾರ್ಜರ್ ಸಿಕ್ಕಿಸಿಯೇ ಓಡಿಸಿ ಎಂದು ಬರೆದೆ. ಬರೀ ಬ್ಯಾಟರಿಯಲ್ಲಿ ಓಡುವಾಗಲೂ ಲ್ಯಾಪ್‌ಟಾಪು ವೇಗ ತಗ್ಗಿಸುತ್ತದೆ.

ಒಂದು ಅಭಿಪ್ರಾಯ ಹೇಳಿಬಿಡುತ್ತೇನೆ, ಸ್ಟುಡಿಯೋದವರಿಗೆ ಇಷ್ಟವಾಗದಿರಬಹುದು. ಫೋರ್‌ಕೆಯಲ್ಲಿ ತೆಗೆಯಿರಿ, ಕತ್ತರಿಸಿ ಹತ್ತಿರ ತೋರಿಸಲು ಅನುಕೂಲ. ಕೊಡುವ ಪ್ರತಿ ಮಾತ್ರ ಫುಲ್ ಎಚ್‌ಡಿ ಇರಲಿ. ಚುಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಳಿಯುತ್ತದೆ, ಮಡಿಸುವ ಕೆಲಸವೂ ಇಳಿಯುತ್ತದೆ, ಸೆಕೆಂಡಿಗೆ 20 ಮೆಗಾಬಿಟ್ಟಿನಂತೆ ಎರಡೂಮುಕ್ಕಾಲು ಗಂಟೆಯ ಮದುವೆ 25 ಜಿಬಿಯೊಳಗೆ, 32 ಜಿಬಿ ಪೆನ್‌ಡ್ರೈವಿನಲ್ಲಿ ಕೂರುತ್ತದೆ. ನಮ್ಮ ಹಳ್ಳಿಮನೆಗಳ ನಡುಮನೆಯಲ್ಲಿ ಎಂಟು ಹತ್ತು ಅಡಿ ದೂರ ಕೂತು ಸಾಧಾರಣ ಟಿವಿಯಲ್ಲಿ ನೋಡುವಾಗ ಅದಕ್ಕೂ ಫೋರ್‌ಕೆಗೂ ವ್ಯತ್ಯಾಸ ಹುಡುಕುವುದು ಕಷ್ಟ. ಆ ಮನೆಯವರು ನೋಡುವುದು ಅಜ್ಜಿ ಯಾವಾಗ ಬಂದರು, ಯಾರು ಯಾರ ಪಕ್ಕ ನಿಂತಿದ್ದರು ಎಂದು.

ಅವತ್ತು ಸಂಜೆ ಪರಿವರ್ತನೆಗೆ ಹಾಕಿ ನಾನು ಬಸ್ಸು ಹತ್ತಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಸೋದರಮಾವನ ಹೆಸರು ತಿದ್ದಿ, ನಾಲ್ಕು ತುಂಡೂ ಮುಗಿಸಿ ಪೆನ್‌ಡ್ರೈವನ್ನು ಹುಡುಗಿಯ ಅಪ್ಪನ ಕೈಗೆ ಕೊಟ್ಟಿದ್ದ. ಅಮಾವಾಸ್ಯೆಗೆ ಇನ್ನೂ ಎರಡು ದಿನವಿತ್ತು. ಸರ ಹೆಂಡತಿಯ ಕೊರಳಲ್ಲೇ ಉಳಿಯಿತು.

ಶ್ರಾವಣ ಮುಗಿಯುವ ಹೊತ್ತಿಗೆ ಮತ್ತೆ ಅವನ ಫೋನು ಬಂತು. ಯಾರೋ ಗೃಹಪ್ರವೇಶದ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟು ಸಂಜೆಯೊಳಗೆ ಬೇಕೆಂದಿದ್ದರಂತೆ. ಅವಸರದಲ್ಲಿ ಅದರಿಂದಲೇ ನೇರವಾಗಿ ಎಡಿಟ್ ಮಾಡಿ ಎಕ್ಸ್‌ಪೋರ್ಟಿಗೆ ಹಾಕಿದ್ದಾನೆ, ಆಮೆಯಂತೆ ಹೋಗುತ್ತಿದೆ. ಏನು ಮಾಡಬೇಕೆಂದು ಕೇಳುತ್ತಾನೇನೋ ಎಂದುಕೊಂಡೆ. ಅವನು ಕೇಳಲಿಲ್ಲ.

"ಒಂದ್ನಿಮ್ಷ ಕಟ್ ಮಾಡಿ ಟೈಮ್ ನೋಡ್ದೆ ಕನಣ್ಣ. ಎಫೆಕ್ಟ್ ತೆಗುದ್ರೂ ಅಷ್ಟೇ, ಹಾಕುದ್ರೂ ಅಷ್ಟೇ. ಡಿಸ್ಕ್ ಗ್ರಾಫ್ ಮಾತ್ರ ನೂರ್ರಲ್ಲೇ ನಿಂತದೆ. ಈ ಸಲ ಪೆನ್‌ಡ್ರೈವಿಂದೇ ತಪ್ಪು. ಒಳಿಕ್ಕೆ ಕಾಪಿ ಮಾಡ್ಕತಾ ಇವ್ನಿ."